ಕಂಪನಿ, ಕ್ಯಾಂಪು ಮತ್ತು ನಮ್ಮ ನಾಟಕ



ನಾನು ಲೇಖಕ ಅಲ್ಲ. ಬಾಗಲಕೋಟೆ ಕಡೆಯವನು, ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿ ಒಂಬತ್ತು ವರ್ಷದಿಂದ ಇಲ್ಲಿ ಬಹ್ರೈನ್‌ನಲ್ಲಿ ವೈರಿಂಗ್ ಕೆಲಸ ಮಾಡ್ತಾ ಇದ್ದೇನೆ. ಈ ಸಲದ ಸಂಚಿಕೆಗೆ ನಾಟಕದ ಬಗ್ಗೆ ಬರಿ ಅಂದಾಗ ಮೊದಲು ಹಿಂಜರಿದೆ. ಆಮೇಲೆ ಸಲ್ಮಾಬಾದ್‌ನ ಒಂದು ರಾತ್ರಿ ನೆನಪಾಯಿತು. ಅಲ್ಲಿಂದಲೇ ಶುರು ಮಾಡ್ತೇನೆ.

ಆಗ ನಾನಿದ್ದ ಕಂಪನಿಯಲ್ಲಿ ಮೂರು ತಿಂಗಳು ಸಂಬಳ ಆಗಿರಲಿಲ್ಲ. ಮೆಸ್ಸಿನಲ್ಲಿ ದಿನಾ ಅನ್ನ, ದಾಲ್ ಅಷ್ಟೇ. ಊರಿಗೆ ಫೋನ್ ಮಾಡಲಿಕ್ಕೂ ಮನಸ್ಸಿಲ್ಲ, ಮಾಡಿದರೆ ಏನಂತ ಹೇಳೋದು? ಒಂದು ಗುರುವಾರ ರಾತ್ರಿ ಕರೆಂಟ್ ಹೋಯಿತು. ಕತ್ತಲಲ್ಲಿ ಹೊರಗೆ ಬಂದು ಕೂತಾಗ ಹೊನ್ನಾವರ ಕಡೆಯ ಒಬ್ಬ ಪ್ಲಂಬರ್ ಅಣ್ಣ ಸುಮ್ಮನೆ ಯಕ್ಷಗಾನದ ಪದ ಎತ್ತಿದರು. ಚೆಂಡೆ ಇಲ್ಲ, ಮದ್ದಳೆ ಇಲ್ಲ, ನೀರಿನ ಡ್ರಮ್ಮಿನ ಮೇಲೆ ಕೈ. ಅವರು ಮುಗಿಸಿದ ಮೇಲೆ ನಾನು ನಮ್ಮೂರ ಜಾತ್ರೆಯಲ್ಲಿ ಕೇಳಿ ಬಾಯಿಪಾಠ ಆಗಿದ್ದ ‘ರಕ್ತರಾತ್ರಿ’ ನಾಟಕದ ಮಾತು ಹೇಳಿದೆ. ಭಾಷೆ ಗೊತ್ತಿಲ್ಲದ ಬಿಹಾರದ ಹುಡುಗರೂ ಎದ್ದು ಹೋಗಲಿಲ್ಲ.

ಆಗ ಆ ಅಣ್ಣ ಅಂದರು: “ತಮಾ, ನಿಮ್ಮ ಕಂಪನಿ ನಾಟಕಕ್ಕೆ ಬೀಜ ಹಾಕ್ದವ್ರೇ ನಮ್ಮ ಬದಿಯವ್ರು, ಗೊತ್ತಿದ್ಯಾ?”

“ಹೌದೇನ್ರಿ ಅಣ್ಣಾರ?” ಅಂದೆ. ನಂಬಿಕೆ ಬರಲಿಲ್ಲ. ಆಮೇಲೆ ರಜೆಗೆ ಹೋದಾಗ ಪುಸ್ತಕ ಹುಡುಕಿ ಓದಿದೆ. ಅವರು ಹೇಳಿದ್ದು ಖರೇನೇ ಇತ್ತು.

1842–43ರ ಸುಮಾರಿಗೆ ಹೊನ್ನಾವರದ ಹತ್ತಿರದ ಕರ್ಕಿಯ ಭಾಗವತ ಮೇಳವೊಂದು ಘಟ್ಟ ಹತ್ತಿ ದೂರದ ಸಾಂಗ್ಲಿಗೆ ಹೋಯಿತು. ಹೊಟ್ಟೆಪಾಡಿಗೆ ಊರೂರು ತಿರುಗುವ ಕಲಾವಿದರು ಅವರು. ಅವರ ಆಟ ನೋಡಿದ ಸಾಂಗ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನ್, ಇಂಥದ್ದು ಮರಾಠಿಯಲ್ಲೂ ಆಗಬೇಕು ಅಂತ ವಿಷ್ಣುದಾಸ ಭಾವೆ ಅವರಿಗೆ ಹೇಳಿದರು. 1843ರಲ್ಲಿ ಭಾವೆ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ರಂಗಭೂಮಿಯ ಚರಿತ್ರೆಯನ್ನು ಅಲ್ಲಿಂದಲೇ ಲೆಕ್ಕ ಹಾಕುತ್ತಾರೆ.

ಮುಂದೆ ಮರಾಠಿ ನಾಟಕ ಮಂಡಳಿಗಳು ಬೆಳೆದು ನಮ್ಮ ಧಾರವಾಡ, ಗದಗ, ಬೆಳಗಾವಿ ಕಡೆಗೇ ಬಂದು ಡೇರೆ ಹಾಕಿದವು. ಜನ ಮುಗಿಬಿದ್ದು ನೋಡಿದರು. ನಾಟಕ ಅಂದ್ರೆ ಮರಾಠಿ, ಕನ್ನಡದಲ್ಲಿ ಅದು ಆಗೋ ಮಾತಲ್ಲ ಅನ್ನೋ ಭಾವನೆ ಬಂತು. ಇದು ಶಾಲಾ ಮಾಸ್ತರಾಗಿದ್ದ ಸಕ್ಕರಿ ಬಾಳಾಚಾರ್ಯರಿಗೆ ಸಹಿಸಲಿಲ್ಲ. ಶಾಂತಕವಿ ಅಂತ ನಾವು ಕರೆಯುವುದು ಇವರನ್ನೇ (1856–1920). 1870ರ ದಶಕದಲ್ಲಿ ಗದಗದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ, ‘ಉಷಾಹರಣ’ದಂಥ ನಾಟಕಗಳನ್ನು ತಾವೇ ಬರೆದು ಕನ್ನಡದಲ್ಲಿ ಆಡಿಸಿದರು. ಸೈಟಿನಲ್ಲಿ ದಿನವಿಡೀ ಹಿಂದಿ, ಮಲಯಾಳಂ, ಅರಬ್ಬಿ ಮಾತಾಡಿ ರೂಮಿಗೆ ಬಂದು “ಏನಪಾ, ಊಟಾಯ್ತಾ” ಅಂತ ಕೇಳಿಸಿಕೊಂಡಾಗ ಆಗುವ ಸಮಾಧಾನ ನಿಮಗೆಲ್ಲ ಗೊತ್ತು. ಅಂದಿನ ಪ್ರೇಕ್ಷಕರಿಗೆ ಆದದ್ದೂ ಅದೇ ಇರಬೇಕು.

ಇಲ್ಲಿ ಎಲೆಕ್ಟ್ರಿಷಿಯನ್ ಆಗಿ ಒಂದು ಮಾತು ಹೇಳ್ತೇನೆ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ, ಶಿವನಸಮುದ್ರದ ಕರೆಂಟಿನಿಂದ. ಸಾಂಗ್ಲಿಯ ಆ ಆಟ ನಡೆದು ಆಗಲೇ ಅರವತ್ತು ವರ್ಷ ದಾಟಿತ್ತು. ಮೊದಮೊದಲು ಪಂಜು, ಎಣ್ಣೆ ದೀಪದಲ್ಲೇ ನಾಟಕ ನಡೆಯಿತು. ಆಮೇಲೆ ಗ್ಯಾಸ್‌ಲೈಟ್, ಅದರ ನಂತರ ಬಲ್ಬು. ಮೈಕೂ ಇರಲಿಲ್ಲ. ಕಟ್ಟಕಡೆಯಲ್ಲಿ ಕೂತವನಿಗೂ ಕೇಳುವಂತೆ ನಟ ಹಾಡಬೇಕು. ಕಾಲಪೇಟಿ ಹಾರ್ಮೋನಿಯಂ, ತಬಲಾ, ಗಂಟಲು, ಇಷ್ಟೇ ಬಂಡವಾಳ. ಹಾಡು ಹಿಡಿಸಿದರೆ ಜನ “ಒನ್ಸ್ ಮೋರ್” ಅಂತ ಕೂಗೋರು. ಸತ್ತು ಬಿದ್ದ ಪಾತ್ರ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತು ಅಂತ ಹಿರಿಯರು ಈಗಲೂ ಹೇಳಿ ನಗ್ತಾರೆ.

ಮೈಸೂರು ಸೀಮೆಯ ಕಥೆ ಗುಬ್ಬಿ ಕಂಪನಿಯದು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಊರವರು ಕೂಡಿ ಕಟ್ಟಿದ ಸಂಘ ಅದು. ಅಲ್ಲಿಗೆ ಚಿಕ್ಕ ಹುಡುಗನಾಗಿ ಸೇರಿದ ವೀರಣ್ಣನವರು (1891–1972) 1917ರಲ್ಲಿ ಅದರ ಮಾಲೀಕರಾದರು. ‘ಸದಾರಮೆ’ಯಲ್ಲಿ ಅವರು ಮಾಡಿದ ಕಳ್ಳನ ಪಾತ್ರಕ್ಕೆ ಜನ ಬಿದ್ದು ಬಿದ್ದು ನಕ್ಕರು; ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ ತಂದರು. ಡಾ. ರಾಜಕುಮಾರ್ ಮತ್ತು ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್, ಇವರೆಲ್ಲ ಆ ಕಂಪನಿಯ ಅನ್ನ ಉಂಡವರು. ದಕ್ಷಿಣ ಕನ್ನಡದಿಂದ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಬಂದ ಬಿ. ವಿ. ಕಾರಂತರೂ ಅಲ್ಲೇ ಪಳಗಿದರು.

ಓದುತ್ತಾ ಹೋದಂತೆ ಎರಡು ಶಬ್ದ ನನ್ನನ್ನು ಹಿಡಿದು ನಿಲ್ಲಿಸಿದವು. ನಾಟಕದವರು ತಮ್ಮ ತಂಡಕ್ಕೆ ‘ಕಂಪನಿ’ ಅಂತಿದ್ದರು. ಒಂದು ಊರಿನಲ್ಲಿ ಡೇರೆ ಹಾಕಿ ಉಳಿದರೆ ಅದಕ್ಕೆ ‘ಕ್ಯಾಂಪು’ ಅಂತಿದ್ದರು. ಗದಗ ಕ್ಯಾಂಪು, ದಾವಣಗೆರೆ ಕ್ಯಾಂಪು. ನಾವೂ ಅವೇ ಎರಡು ಶಬ್ದದಲ್ಲಿ ಬದುಕುತ್ತಿದ್ದೇವೆ. ಅವರಿಗೂ ಒಂದೇ ಮೆಸ್ಸು, ಒಂದೇ ಕಡೆ ಹಾಸಿಗೆ, ಟ್ರಂಕಿನಲ್ಲಿ ಸಂಸಾರ. ಕಲೆಕ್ಷನ್ ಆದರೆ ಸಂಬಳ. ಮಳೆ ಹಿಡಿದು ಜನ ಬರದಿದ್ದರೆ ಮುಂದಿನ ಕ್ಯಾಂಪಿಗೆ ಸಾಮಾನು ಸಾಗಿಸಲೂ ದುಡ್ಡಿಲ್ಲದೆ ಅಲ್ಲೇ ಸಿಕ್ಕಿಕೊಳ್ಳುವುದು. ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು (1914–2017) ಹುಡುಗನಾಗಿ ಹೆಣ್ಣು ಪಾತ್ರ ಮಾಡುತ್ತಾ ಈ ಬದುಕಿಗೆ ಬಂದವರು. ಮುಂದೆ ಸ್ವಂತ ಕಂಪನಿ ಕಟ್ಟಿ ಬಸವಣ್ಣನ ಪಾತ್ರ ಮಾಡಿದರು. ಅವರನ್ನು ನೋಡಿದವರು ಬಸವಣ್ಣ ಅಂದ್ರೆ ಹೀಗೇ ಇದ್ದಿರಬೇಕು ಅಂತಿದ್ದರು.

ಗದಗದ ವೀರೇಶ್ವರ ಪುಣ್ಯಾಶ್ರಮದ ಕಥೆ ಓದಿದಾಗಂತೂ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪಂಚಾಕ್ಷರಿ ಗವಾಯಿಗಳಿಗೂ ಕಣ್ಣಿಲ್ಲ, ಶಿಷ್ಯ ಪುಟ್ಟರಾಜ ಗವಾಯಿಗಳಿಗೂ (1914–2010) ಕಣ್ಣಿಲ್ಲ. ಆಶ್ರಮದ ತುಂಬ ಅಂಧ, ಅನಾಥ, ಬಡ ಮಕ್ಕಳು. ಅವರಿಗೆ ಅನ್ನ ಎಲ್ಲಿಂದ ತರಬೇಕು? ನಾಟಕ ಕಂಪನಿ ಕಟ್ಟಿದರು. ಪುಟ್ಟರಾಜರು ನಾಟಕ ಬರೆದರು, ಸಂಗೀತ ಕೊಟ್ಟರು, ಸ್ವತಃ ಪಾತ್ರ ಮಾಡಿದರು. ಟಿಕೆಟ್ ದುಡ್ಡಿನಲ್ಲಿ ಮಕ್ಕಳು ಉಂಡರು, ಸಂಗೀತ ಕಲಿತರು. ಲೈಟ್ ಹಾಕುವ ನಮ್ಮಂಥವರು ಯೋಚಿಸಬೇಕು: ಬೆಳಕನ್ನೇ ಕಾಣದ ಒಬ್ಬರು ಸಾವಿರಾರು ಜನರ ಮುಂದೆ ಆ ಬೆಳಕಿನಲ್ಲಿ ನಿಂತು, ಎಷ್ಟೋ ಮಕ್ಕಳ ಹೊಟ್ಟೆ ತುಂಬಿಸಿದರು.

ಸಿನಿಮಾ ಬಂತು, ಆಮೇಲೆ ಟಿವಿ ಬಂತು. ದೊಡ್ಡ ಕಂಪನಿಗಳು ಒಂದೊಂದಾಗಿ ಕ್ಯಾಂಪು ಎತ್ತಿದವು. ಆದರೂ ಪೂರ್ತಿ ನಿಂತಿಲ್ಲ. ಬಾದಾಮಿ ಹತ್ತಿರ ಬನಶಂಕರಿ ಜಾತ್ರೆಗೆ ಬನದ ಹುಣ್ಣಿಮೆ ಹೊತ್ತಿಗೆ ಇವತ್ತಿಗೂ ಸಾಲಾಗಿ ನಾಟಕದ ಡೇರೆಗಳು ನಿಲ್ಲುತ್ತವೆ. ಐಟಿಐ ಓದುವಾಗ ನಾನು ಅಲ್ಲಿ ಒಂದು ಕಂಪನಿಯ ಲೈಟಿನವರಿಗೆ ಕೈಯಾಳಾಗಿ ದುಡಿದೆ. ಬಣ್ಣದ ಹಾಳೆ ಕಟ್ಟೋದು, ಮೇನ್ ಸ್ವಿಚ್ ಕಾಯೋದು. ಕೆಲವು ನಾಟಕದಲ್ಲಿ ಎರಡರ್ಥದ ಮಾತು ಜಾಸ್ತಿ, ಅದು ನನಗೆ ಸೇರುವುದಿಲ್ಲ. ಆದರೆ ಪರದೆಯ ಹಿಂದೆ ನಾನು ನೋಡಿದ್ದೇ ಬೇರೆ. ರಂಗದ ಮೇಲೆ ನಗಿಸಿ ಬಂದ ಹೆಣ್ಣುಮಗಳು ಒಳಗೆ ಬಂದ ಕೂಡಲೇ ಮಗುವಿಗೆ ಹಾಲು ಕುಡಿಸಿ, ಬೆಲ್ ಆದಾಗ ಮತ್ತೆ ಓಡುತ್ತಿದ್ದಳು.

‘ರಕ್ತರಾತ್ರಿ’ ಬರೆದ ಕಂದಗಲ್ಲ ಹನುಮಂತರಾಯರು ನಮ್ಮ ಬಾಗಲಕೋಟೆ ಜಿಲ್ಲೆಯವರೇ. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ದ್ರೌಪದಿಯ ಮಕ್ಕಳನ್ನು ನಿದ್ದೆಯಲ್ಲೇ ಕೊಲ್ಲುವ ಕಥೆ. ನಮ್ಮವ್ವ ಓದಿದವಳಲ್ಲ, ಆದರೆ ಆ ನಾಟಕ ಎಷ್ಟು ಸಲ ಬಂದರೂ ಹೋಗಿ ಕೂತು ಅಳುತ್ತಿದ್ದಳು. “ಕಥಿ ಗೊತ್ತಿದ್ರೂ ಯಾಕ ಅಳ್ತಿ?” ಅಂತ ನಾನು ನಗುತ್ತಿದ್ದೆ. “ನಂದು ಅಳೂದು ಐತಿ, ಮನ್ಯಾಗ ಎಲ್ಲಿ ಅಳ್ಲಿ?” ಅಂದಿದ್ದಳು. ಆಗ ಅದು ತಿಳಿಯಲಿಲ್ಲ. ಸಲ್ಮಾಬಾದ್‌ನ ಆ ರಾತ್ರಿ ಹೊನ್ನಾವರದ ಅಣ್ಣ ಹಾಡುವಾಗ ಕತ್ತಲಲ್ಲಿ ನಾಲ್ಕೈದು ಮಂದಿ ಮೂಗು ಒರೆಸಿಕೊಳ್ಳುವ ಸಪ್ಪಳ ಕೇಳಿದಾಗ ತಿಳಿಯಿತು. ಅವರಲ್ಲಿ ನಾನೂ ಒಬ್ಬ. ಸಂಬಳ ಇಲ್ಲ ಅಂತ ಮೂರು ತಿಂಗಳು ಯಾರೂ ಅತ್ತಿರಲಿಲ್ಲ. ಪಾತ್ರದ ದುಃಖದ ನೆಪದಲ್ಲಿ ನಮ್ಮದನ್ನು ಅತ್ತು ಹಗುರಾದೆವು. ಮರುದಿನ ಎಲ್ಲರೂ ಕೂಡಿ ಒಂದೇ ಅರ್ಜಿ ಬರೆದು ಸಹಿ ಹಾಕಿದೆವು. ಸಂಬಳ ತಡವಾಗಿಯಾದರೂ ಬಂತು.

ನಾಟಕ ನಮ್ಮನ್ನು ಯಾಕೆ ಕಲಕುತ್ತದೆ ಅಂದ್ರೆ ನನಗೆ ತೋಚುವ ಉತ್ತರ ಇದು. ಕರ್ಕಿಯಿಂದ ಹಿಡಿದು ಗುಬ್ಬಿಯವರೆಗೆ ಅದನ್ನು ಕಟ್ಟಿದವರು ಮನೆ ಬಿಟ್ಟು ದುಡಿಯಲು ಹೋದವರು. ಅವರ ದನಿಯಲ್ಲಿ ಆ ನೆನಪು ಇದ್ದೇ ಇರುತ್ತದೆ, ನಮ್ಮ ಕಿವಿಗೆ ಅದು ಬೇಗ ಸಿಗುತ್ತದೆ.

ಇಲ್ಲಿ ಕರಾವಳಿಯ ಬಂಧುಗಳು ಯಕ್ಷಗಾನವನ್ನು ಚೆನ್ನಾಗಿ ಉಳಿಸಿಕೊಂಡು ಬಂದಿದ್ದಾರೆ. ಬಯಲುಸೀಮೆಯ ನಾನು ಪೂರ್ತಿ ಒಂದು ಆಟ ನೋಡಿದ್ದೇ ಬಹ್ರೈನ್‌ನಲ್ಲಿ. ಅದಕ್ಕೆ ಒಂದು ಸಣ್ಣ ವಿನಂತಿ: ಮುಂದಿನ ವಾರ್ಷಿಕೋತ್ಸವದಲ್ಲಿ ಸಿನಿಮಾ ಹಾಡು, ಡ್ಯಾನ್ಸಿನ ನಡುವೆ ಒಂದು ಗಂಟೆ ನಾಟಕಕ್ಕೆ ಕೊಡೋಣ. ಕ್ಯಾಂಪಿನ ಹುಡುಗರಿಗೆ ಪಾತ್ರ ಕೊಡೋಣ, ಕ್ಯಾಂಪಿನವರನ್ನು ಕರೆತರಲು ಒಂದು ಬಸ್ಸು ಮಾಡೋಣ. ಪ್ರಾಕ್ಟೀಸು ಗುರುವಾರ ರಾತ್ರಿ, ಶುಕ್ರವಾರ ಆಗುತ್ತದೆ. ಹೊನ್ನಾವರದ ಅಣ್ಣ ಹಾಡಲು ಒಪ್ಪಿದ್ದಾರೆ. ಲೈಟಿನ ಕೆಲಸ ನನಗೆ ಬಿಡಿ.