ಕಲ್ಲಾದ ನಾಲಿಗೆಯ ಕಥೆ

ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದ ಬಂಡೆಗಳಲ್ಲಿ ಹೊಳಪಿನ ತ್ರಿಕೋನ ಕಲ್ಲುಗಳು ಸಿಗುತ್ತಿದ್ದವು. ಸಂತ ಪಾಲ್ ಶಾಪ ಕೊಟ್ಟಾಗ ಅಲ್ಲಿನ ಹಾವುಗಳ ನಾಲಿಗೆಯೇ ಹೀಗೆ ಕಲ್ಲಾಯಿತೆಂದು ಜನ ನಂಬಿದ್ದರು. ವಿಷ ತಟ್ಟದಿರಲೆಂದು ಈ 'ನಾಲಿಗೆ ಕಲ್ಲು'ಗಳನ್ನು ತಾಯಿತದಂತೆ ಧರಿಸುತ್ತಿದ್ದರು.

ಇವು ಶಾರ್ಕ್ ಮೀನಿನ ಹಲ್ಲುಗಳೆಂದು ಇಟಲಿಯ ಫಾಬಿಯೊ ಕೊಲೊನ್ನಾ 1616ರಲ್ಲೇ ಬರೆದಿದ್ದ. ಆದರೂ ಹಳೆಯ ನಂಬಿಕೆ ಹೋಗಲಿಲ್ಲ. 1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಬೆಸ್ತರು ಭಾರಿ ಶಾರ್ಕ್ ಒಂದನ್ನು ಹಿಡಿದರು. ಅದರ ತಲೆ ಫ್ಲಾರೆನ್ಸಿನಲ್ಲಿದ್ದ ಡೆನ್ಮಾರ್ಕಿನ ಅಂಗರಚನಾ ತಜ್ಞ ನಿಕೊಲಾಸ್ ಸ್ಟೀನೊ ಕೈಸೇರಿತು. ಅದರ ಹಲ್ಲಿಗೂ ನಾಲಿಗೆ ಕಲ್ಲಿಗೂ ಒಂದೇ ಅಚ್ಚು!

ಹಾಗಾದರೆ ಸಮುದ್ರದ ಹಲ್ಲು, ಚಿಪ್ಪುಗಳು ಬಂಡೆಯೊಳಗೆ ಸೇರಿದ್ದು ಹೇಗೆ? ನೀರಿನಡಿ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಗುತ್ತದೆ, ಅಡಿಯ ಪದರವೇ ಹಳೆಯದು ಎಂದು ಸ್ಟೀನೊ 1669ರ ತನ್ನ ಪುಸ್ತಕದಲ್ಲಿ ವಿವರಿಸಿದ. ಭೂವಿಜ್ಞಾನದ ಮೊದಲ ಪಾಠ ಇಂದಿಗೂ ಇದೇ.

ನಮ್ಮ ದೇವರ ಮನೆಯ ಸಾಲಿಗ್ರಾಮವನ್ನೇ ನೋಡಿ. ನೇಪಾಳದ ಗಂಡಕಿ ನದಿಯಲ್ಲಿ ಸಿಗುವ ಎಷ್ಟೋ ಸಾಲಿಗ್ರಾಮಗಳೊಳಗಿನ ಚಕ್ರ, ಅಮ್ಮೊನೈಟ್ ಎಂಬ ಕಡಲಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರವಿತ್ತು. ಅದರ ಸಾಕ್ಷಿಗೆ ನಾವು ದಿನವೂ ಅಭಿಷೇಕ ಮಾಡುತ್ತಿದ್ದೇವೆ.