ದೂರದ ಕಿಡಿ, ನಮ್ಮ ಬಣವೆ

ನಮ್ಮ ಬಡವನಹಳ್ಳಿಯ ನೆರೆಯ ಮಧುಗಿರಿ, ಶಿರಾ ಕೋಟೆಗಳಿಗಾಗಿ ಹೈದರನೂ ಮರಾಠರೂ ಹಲವು ಬಾರಿ ಕಾದಾಡಿದ್ದರು. ಆ ವೈರಿಗಳೇ 1780ರಲ್ಲಿ ನಿಜಾಮನನ್ನೂ ಕೂಡಿಕೊಂಡು ಆಂಗ್ಲರ ವಿರುದ್ಧ ಒಂದಾದರು. ಕಿಡಿ ಹಾರಿದ್ದಾದರೋ ಬಹುದೂರದಿಂದ. ಅಮೆರಿಕದ ಸ್ವಾತಂತ್ರ್ಯ ಸಮರದ ನಿಮಿತ್ತ 1778ರಲ್ಲಿ ಫ್ರಾನ್ಸ್ ಇಂಗ್ಲೆಂಡಿಗೆ ಇದಿರಾಯಿತು. ಹೈದರನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಫ್ರೆಂಚರ ಮಾಹೆಯನ್ನು ಆಂಗ್ಲರು 1779ರಲ್ಲಿ ಹಿಡಿದರು. ಮರುವರ್ಷವೇ ಮೈಸೂರಿನ ಸೇನೆ ಆರ್ಕಾಟಿನ ಸೀಮೆಗೆ ನುಗ್ಗಿತು.

ಮಿತ್ರರು ಉಳಿದರೆ? ನಿಜಾಮ ಮೊದಲೇ ಹಿಂಜರಿದ. 1782ರ ಸಾಲ್ಬಾಯಿ ಒಪ್ಪಂದದಿಂದ ಮರಾಠರು ದೂರವಾದರು. ಯೂರೋಪಿನ ಸಂಧಿವಾರ್ತೆ ತಲಪಿದೊಡನೆ, 1783ರಲ್ಲಿ, ಫ್ರೆಂಚರೂ ಕತ್ತಿ ಕೆಳಗಿಟ್ಟರು. ತಂದೆಯನ್ನು ಕಳೆದುಕೊಂಡಿದ್ದ ಟಿಪ್ಪು ಒಂಟಿಯಾದ. 1784ರ ಮಂಗಳೂರು ಒಪ್ಪಂದದಂತೆ ಗೆದ್ದ ನೆಲವನ್ನು ಉಭಯರೂ ಹಿಂದಿರುಗಿಸಿದರು. ಸುಟ್ಟ ಊರುಗಳನ್ನು ಹಿಂದಿರುಗಿಸಿದವರು ಯಾರು? ಕೂಟ ಕಟ್ಟಿದರೆ ಕ್ಷೇಮವೆಂಬ ಮಾತು ಕೇಳಿದಾಗಲೆಲ್ಲ ನನಗೆ ಮಧುಗಿರಿಯ ಬೆಟ್ಟ ನೆನಪಾಗುತ್ತದೆ.