ಸಜೀವ ಕೋಶ ಸೂಕ್ಷ್ಮದರ್ಶಕಗಳ ಸರ್ಕಾರಿ ಖರೀದಿ (ಭಾರತ)

ಜೀವಕೋಶವನ್ನು ಕೊಲ್ಲದೆ, ಬಣ್ಣ ಹಾಕದೆ ನೋಡುವ ಫೇಸ್ ಕಾಂಟ್ರಾಸ್ಟ್ ವಿಧಾನಕ್ಕಾಗಿ ಫ್ರಿಟ್ಸ್ ಜೆರ್ನಿಕೆ ಅವರಿಗೆ 1953ರಲ್ಲಿ ನೊಬೆಲ್ ಬಂತು. ಜೆಲ್ಲಿ ಮೀನಿನ ಹಸಿರು ಪ್ರೋಟೀನ್ ಬೇರೆ ಜೀವಿಗಳಲ್ಲೂ ಹೊಳೆಯುತ್ತದೆಂದು 1994ರಲ್ಲಿ ಮಾರ್ಟಿನ್ ಚಾಲ್ಫಿ ತಂಡ ತೋರಿಸಿದ ಮೇಲೆ ಇಂಥ ಉಪಕರಣಗಳಿಗೆ ಎಲ್ಲೆಡೆ ಬೇಡಿಕೆ ಹುಟ್ಟಿತು. ಭಾರತದಲ್ಲಿ ಇವನ್ನು ಕೊಳ್ಳುವವರಲ್ಲಿ ಸರ್ಕಾರಿ ಅನುದಾನದ ಸಂಸ್ಥೆಗಳೇ ಮುಖ್ಯ.

ಖರೀದಿಯ ವ್ಯವಸ್ಥೆ ಮಾತ್ರ ಬೇರೆ ಕಾಲದ್ದು. 1922ರ ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟಿನ ಪರಂಪರೆಯಲ್ಲಿ ಬಂದ ಕೇಂದ್ರ ಸರ್ಕಾರದ ಖರೀದಿ ಕಚೇರಿ ಡಿಜಿಎಸ್ ಅಂಡ್ ಡಿ, ಸಾಮಾನ್ಯ ಬಳಕೆಯ ಸರಕಿಗೆ ದರ ನಿಗದಿ ಮಾಡುತ್ತಿತ್ತು. 2016ರಲ್ಲಿ ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲ್ ಬಂತು, 2017ರ ಅಕ್ಟೋಬರ್ ಕೊನೆಗೆ ಹಳೆಯ ಕಚೇರಿ ಮುಚ್ಚಿತು. ಕುರ್ಚಿ, ಕಂಪ್ಯೂಟರ್‌ಗಳಿಗೆ ಪೋರ್ಟಲ್ ಹೊಂದಿತು. ಸೂಕ್ಷ್ಮದರ್ಶಕಕ್ಕೆ ಅಷ್ಟು ಸಲೀಸಾಗಿ ಹೊಂದಲಿಲ್ಲ.

ಕಾರಣ ಟೆಂಡರಿನ ತಾಂತ್ರಿಕ ವಿವರಗಳ ಪುಟದಲ್ಲೇ ಕಾಣುತ್ತದೆ. ಸಸ್ತನಿಗಳ ಕೋಶಗಳಿಗಾದರೆ ಮಸೂರದ ಮೇಲಿನ ಗೂಡಿನಲ್ಲಿ 37 ಡಿಗ್ರಿ ಸೆಲ್ಸಿಯಸ್ ಕದಲಬಾರದು, ಗಾಳಿಯಲ್ಲಿ ಶೇ. 5ರಷ್ಟು ಇಂಗಾಲದ ಡೈಆಕ್ಸೈಡ್ ಇರಬೇಕು, ತೇವ ಆರಬಾರದು, ಇಡೀ ರಾತ್ರಿ ಫೋಕಸ್ ಜಾರಬಾರದು. ಜೋರು ಬೆಳಕು ಕೋಶವನ್ನು ಘಾಸಿಗೊಳಿಸುವುದರಿಂದ ಮಂದ ಬೆಳಕಿನಲ್ಲೇ ಚಿತ್ರ ಹಿಡಿಯುವ ಕ್ಯಾಮೆರಾ ಬೇಕು. ಎರಡು ಲಕೋಟೆ ಪದ್ಧತಿಯಲ್ಲಿ ಮೊದಲು ಈ ಪುಟದ ಪರೀಕ್ಷೆ. ಪಾಸಾದವರಲ್ಲಿ ಅತಿ ಕಡಿಮೆ ದರದವರು ‘ಎಲ್-1’. ಫೋಕಸಿನ ಷರತ್ತು ಬರೆಯಲು ಮರೆತರೆ ಅಗ್ಗದ ಯಂತ್ರವೇ ಗೆಲ್ಲುತ್ತದೆ. ಒಂದೇ ಕಂಪನಿಯ ಕ್ಯಾಟಲಾಗಿಗೆ ಹೊಂದುವಂತೆ ಬರೆದರೆ ಉಳಿದವರು ತಕರಾರು ಎತ್ತುತ್ತಾರೆ, ಅದು ನ್ಯಾಯವೂ ಹೌದು. ಒಬ್ಬರೇ ತಯಾರಿಸುವ ವಸ್ತುವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 166ನೇ ನಿಯಮದಡಿ ಪ್ರಮಾಣಪತ್ರ ಕೊಟ್ಟು ನೇರವಾಗಿ ಕೊಳ್ಳಬಹುದು.

2020ರ ಮೇ ತಿಂಗಳಲ್ಲಿ 200 ಕೋಟಿ ರೂಪಾಯಿವರೆಗಿನ ಖರೀದಿಗೆ ಜಾಗತಿಕ ಟೆಂಡರ್ ನಿಂತಿತು. ದೇಶೀ ಉದ್ಯಮಕ್ಕೆ ಒತ್ತಾಸೆಯಾಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ಈ ದರ್ಜೆಯ ಯಂತ್ರಗಳು ಹೆಚ್ಚಾಗಿ ಜರ್ಮನಿ, ಜಪಾನ್‌ಗಳಿಂದ ಬರುವಂಥವು. ಪ್ರಯೋಗಾಲಯಗಳು ವಿನಾಯಿತಿಗಾಗಿ ದೆಹಲಿಗೆ ಕಡತ ಕಳಿಸಿ ಕಾಯಬೇಕಾಯಿತು. 2022ರ ಜುಲೈನಲ್ಲಿ ಸಂಶೋಧನಾ ಸಂಸ್ಥೆಗಳಿಗಿದ್ದ ಶೇ. 5ರ ಜಿಎಸ್‌ಟಿ ರಿಯಾಯಿತಿಯೂ ಹೋಗಿ, ತೆರಿಗೆ ಶೇ. 18 ಆಯಿತು. ಅದಕ್ಕೂ ಮೊದಲೇ ಮಂಜೂರಾಗಿದ್ದ ಅನುದಾನಗಳಿಗೆ ಇದು ದೊಡ್ಡ ಪೆಟ್ಟು.

ಕೊಂಡದ್ದನ್ನು ಹಂಚಿಕೊಳ್ಳುವ ಯತ್ನವೂ ನಡೆದಿದೆ. ಉಪಕರಣಗಳನ್ನು ಹೊರಗಿನ ಸಂಶೋಧಕರೂ ಕಾಯ್ದಿರಿಸಲು ನೆರವಾಗುವ ಐ-ಸ್ಟೆಮ್ ಜಾಲತಾಣ 2020ರ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಉದ್ಘಾಟನೆಯಾಯಿತು.

2025ರ ಜೂನ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ವಿಜ್ಞಾನ ಸಂಸ್ಥೆಗಳ ನಿಯಮ ಸಡಿಲಿಸಿತು. ಜೆಮ್‌ನ ಹೊರಗೆ ಕೊಳ್ಳಲು ಅವಕಾಶ ಸಿಕ್ಕಿತು, ಕೊಟೇಶನ್ ಇಲ್ಲದ ಖರೀದಿಯ ಮಿತಿ 1 ಲಕ್ಷದಿಂದ 2 ಲಕ್ಷಕ್ಕೂ, ಖರೀದಿ ಸಮಿತಿಯ ಮಿತಿ 10 ಲಕ್ಷದಿಂದ 25 ಲಕ್ಷಕ್ಕೂ ಏರಿತು. ಕೋಟಿ ದಾಟುವ ಕಾನ್‌ಫೋಕಲ್ ಬಗೆಯ ಸೂಕ್ಷ್ಮದರ್ಶಕಗಳಿಗೆ ಈ ಮಿತಿಗಳಿಂದ ಪ್ರಯೋಜನವಿಲ್ಲ. ಅವಕ್ಕೆ ನೆರವಾದದ್ದು ಇನ್ನೊಂದು ಬದಲಾವಣೆ: 200 ಕೋಟಿವರೆಗಿನ ಜಾಗತಿಕ ಟೆಂಡರಿಗೆ ಇನ್ನು ಸಂಸ್ಥೆಯ ನಿರ್ದೇಶಕರು ಇಲ್ಲವೇ ಕುಲಪತಿಗಳೇ ಒಪ್ಪಿಗೆ ಕೊಡಬಹುದು.